ಕೆಟ್ಟ ಗಾಳಿಯನ್ನು ತೆಗೆಯುವ ಯಂತ್ರ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದ ಹಿರಿಯರೊಬ್ಬರ ಮಗ ಈಚೆಗೆ ಮಾಕಳಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. “ಡಾಕ್ಟ್ರೇ, ರಕ್ತದಿಂದ ಕೆಟ್ಟ ಗಾಳಿ ತೆಗೆಯೋ ಕೃತಕ ಶ್ವಾಸಕೋಶ ಬಂದಿದೆಯಂತೆ. ಮನೆ ಮೇಲೆ ಸಾಲ ಎತ್ತಿಯಾದರೂ ಅಪ್ಪನಿಗೆ ಹಾಕಿಸೋಣವೇ?” ಎಂದು ಕೇಳಿದರು. ಬೇಡವೆಂದೆವು. ಅದರ ಕಾರಣವನ್ನು ಪತ್ರಿಕೆಯ ಓದುಗ ಬಂಧುಗಳಿಗೂ ತಿಳಿಸುವುದು ಲೇಸೆಂದು ತೋರಿತು.

ಇಂಥ ಯಂತ್ರ ಇರುವುದು ನಿಜ. ವಿಶ್ರಾಂತಿಯಲ್ಲಿರುವ ದೇಹವೂ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸುತ್ತದೆ. ಅಭಿಧಮನಿಯ ಒಂದು ಲೀಟರ್ ರಕ್ತದಲ್ಲಿ ಅದು ಸುಮಾರು ಅರ್ಧ ಲೀಟರಿನಷ್ಟು ಅಡಗಿರುತ್ತದೆ. ಹೀಗಾಗಿ ಕುತ್ತಿಗೆಯ ಅಥವಾ ತೊಡೆಸಂದಿಯ ರಕ್ತನಾಳದಿಂದ ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ರಕ್ತವನ್ನು ಹೊರತೆಗೆದು, ಕೂದಲೆಳೆಯಂಥ ಪೊಳ್ಳು ನಾಳಗಳ ನಡುವೆ ಹರಿಸಿ ಹಿಂದಿರುಗಿಸಿದರೆ ಈ ಅನಿಲದ ಬಹುಪಾಲನ್ನು ಕಳೆಯಬಹುದು. ಆಮ್ಲಜನಕವನ್ನೂ ತುಂಬಬೇಕಾದರೆ ಮೂರರಿಂದ ಐದು ಲೀಟರಿನ ಹರಿವು ಬೇಕು; ಅದೇ ಎಕ್ಮೊ. ಅನಿಲವನ್ನು ಮಾತ್ರ ತೆಗೆಯುವ ಈ ಕಿರುಮಾರ್ಗವನ್ನು 1970ರ ದಶಕದಲ್ಲಿ ಕೊಲೊಬೊ, ಗ್ಯಾಟಿನೋನಿ ಮೊದಲಾದವರು ಹುಡುಕಿದರು.

ಎಕ್ಮೊ ಎಂಬ ಪದ ಕನ್ನಡಿಗರ ಮನೆಮಾತಾದದ್ದು 2020ರಲ್ಲಿ. ನಮ್ಮವರೇ ಎಂಬಂತೆ ಕನ್ನಡದಲ್ಲಿ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಆ ಆಗಸ್ಟ್‌ನಲ್ಲಿ ಚೆನ್ನೈಯ ಆಸ್ಪತ್ರೆಯಲ್ಲಿ ಕೋವಿಡ್‌ಗೆ ದಾಖಲಾದರು. ವಾರಗಟ್ಟಲೆ ಆ ಯಂತ್ರದ ಆಸರೆಯಲ್ಲಿದ್ದು ಸೆಪ್ಟೆಂಬರ್ 25ರಂದು ತೀರಿಕೊಂಡರು. ಯಂತ್ರ ಕೊಡುವುದು ಕಾಲಾವಕಾಶವನ್ನು ಮಾತ್ರ. ಆ ಅವಧಿಯಲ್ಲಿ ಶ್ವಾಸಕೋಶ ತಾನೇ ಚೇತರಿಸಬೇಕು, ಇಲ್ಲವೇ ಬೇರೊಂದನ್ನು ಕಸಿ ಮಾಡಬೇಕು. ವರ್ಷಗಟ್ಟಲೆ ಹೊಗೆ, ಧೂಳು, ಬೀಡಿಯಿಂದ ಸವೆದ ಶ್ವಾಸಕೋಶಕ್ಕೆ ಕಾಲಾವಕಾಶ ಕೊಟ್ಟು ಏನನ್ನು ಕಾಯುವುದು?

ಅಪಾಯವೂ ಸಣ್ಣದಲ್ಲ. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಕೊಡಬೇಕು. ಆಗ ರಕ್ತಸ್ರಾವದ ಭಯ. ಬ್ರಿಟನ್ನಿನಲ್ಲಿ ಆಮ್ಲಜನಕದ ತೀವ್ರ ಕೊರತೆಯಿಂದ ವೆಂಟಿಲೇಟರ್ ಮೇಲಿದ್ದ 412 ರೋಗಿಗಳಲ್ಲಿ ಈ ಅನಿಲ ತೆಗೆಯುವ ವಿಧಾನವನ್ನು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, 90 ದಿನಗಳ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಮಿದುಳಿನ ರಕ್ತಸ್ರಾವದಂಥ ತೊಡಕುಗಳು ಯಂತ್ರದ ಗುಂಪಿನಲ್ಲೇ ಹೆಚ್ಚಿದ್ದವು. ಖರ್ಚಂತೂ ಲಕ್ಷಗಳ ಲೆಕ್ಕದಲ್ಲಿ.

ಹಾಗೆಂದು ಯಂತ್ರವನ್ನು ಹಳಿದು, ಅದರ ಬದಲು ನಮ್ಮ ಕಷಾಯ ಸಾಕೆನ್ನುವ ಸಹವೈದ್ಯರ ಮಾತನ್ನೂ ನಾವು ಒಪ್ಪೆವು. ಚರಕಸಂಹಿತೆಯೇ ಶ್ವಾಸರೋಗಗಳನ್ನು ಐದಾಗಿ ವಿಂಗಡಿಸಿ, ಮಹಾ, ಊರ್ಧ್ವ, ಛಿನ್ನ ಶ್ವಾಸಗಳು ಅಸಾಧ್ಯವೆಂದು ಹೇಳಿದೆ. ತಮಕಶ್ವಾಸವನ್ನು ಯಾಪ್ಯ, ಅಂದರೆ ಹತೋಟಿಯಲ್ಲಿಡಬಹುದಾದದ್ದು, ಎಂದಿದೆ. ಆಚಾರ್ಯರೇ ಕೈಚೆಲ್ಲಿದ ಕಡೆ ನಾವು ಎದೆತಟ್ಟಿಕೊಳ್ಳುವುದು ಅವರಿಗೆ ಮಾಡುವ ಅಗೌರವ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಜೀವಮಾನವಿಡೀ ಸೌದೆ ಒಲೆಯ ಮುಂದೆ ಕುಳಿತಿದ್ದ ತಾಯಿಯೊಬ್ಬರನ್ನು ನೋಡಲು ನೆಲಮಂಗಲದ ಕಡೆ ಹೋಗಿದ್ದೆವು. ಬಾಡಿಗೆಗೆ ತಂದ ಆಮ್ಲಜನಕದ ಯಂತ್ರವನ್ನು ಮಕ್ಕಳು ಪ್ರೀತಿಯಿಂದ ಐದು ಲೀಟರಿಗೆ ತಿರುಗಿಸಿದ್ದರು. ಬೆರಳಿನ ಮಾಪಕ 98 ತೋರಿಸುತ್ತಿತ್ತು. ಎಲ್ಲರಿಗೂ ಸಮಾಧಾನ, ನಮಗೂ. ಬೆಳಗಿನ ತಲೆನೋವು, ಹಗಲಿಡೀ ತೂಕಡಿಕೆ ಎಂದಾಗ ಕಫದ ತಂದ್ರೆಯೆಂದು ಭಾವಿಸಿ ಕಷಾಯ ಬರೆದುಕೊಟ್ಟು ಬಂದೆವು. ರಾತ್ರಿ ಎಬ್ಬಿಸಿದರೆ ಅವರು ಏಳಲಿಲ್ಲ. ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದರು. ಅದರಲ್ಲಿ ನಮ್ಮ ಪಾಲೇನೂ ಇಲ್ಲ. ಆಮ್ಲಜನಕದ ಮಾಪಕ ಇಂಗಾಲದ ಡೈಆಕ್ಸೈಡನ್ನು ಅಳೆಯುವುದಿಲ್ಲವೆಂಬುದು ನಮಗೆ ಗೊತ್ತಿತ್ತು. ಆ ದಿನ ನೆನಪಿಗೆ ಬರಲಿಲ್ಲ, ಅಷ್ಟೆ.

ಹಳೆಯ ಶ್ವಾಸಕೋಶದ ಕಾಯಿಲೆಯಲ್ಲಿ ಈ ಅನಿಲ ದೇಹದಲ್ಲಿ ಉಳಿಯುವ ಪ್ರವೃತ್ತಿಯಿದ್ದರೆ ಆಮ್ಲಜನಕದ ಅಂಶವನ್ನು 88ರಿಂದ 92ರೊಳಗೆ ಇಡುವುದೇ ಕ್ಷೇಮ. ಅದನ್ನು ಮೀರಿ ಕೊಟ್ಟರೆ ಅನಿಲ ಇನ್ನೂ ಶೇಖರವಾಗಿ ಮಂಪರು ಕವಿಯುತ್ತದೆ. ಇದನ್ನು ಓದಿ ಯಾರೂ ಮನೆಯಲ್ಲಿ ಆಮ್ಲಜನಕವನ್ನು ಥಟ್ಟನೆ ನಿಲ್ಲಿಸಬಾರದು. ಅದೂ ಅಷ್ಟೇ ಅಪಾಯ. ಮಂಪರು, ಗೊಂದಲದ ಮಾತು ಕಂಡರೆ ಆಸ್ಪತ್ರೆಗೆ ಕರೆದೊಯ್ದು ಧಮನಿಯ ರಕ್ತಪರೀಕ್ಷೆ ಮಾಡಿಸಬೇಕು. ಅನಿಲದ ಮಟ್ಟ ತಿಳಿಯುವುದು ಅದರಿಂದಲೇ.

ಇಂಥವರಲ್ಲಿ ಹಲವರಿಗೆ ಬೇಕಾಗುವುದು ಬೈಪ್ಯಾಪ್ ಎಂಬ ಸಾಧಾರಣ ಯಂತ್ರ. ಮುಖಕ್ಕೆ ಕಟ್ಟಿದ ಮುಖವಾಡದ ಮೂಲಕ ಉಸಿರಿನ ಸ್ನಾಯುಗಳಿಗೆ ಒತ್ತಾಸೆ ಕೊಟ್ಟು, ರಕ್ತವನ್ನು ಹೊರತೆಗೆಯದೆಯೇ ಅನಿಲವನ್ನು ಇಳಿಸುತ್ತದೆ. ಬಾಡಿಗೆಗೂ ಸಿಗುತ್ತದೆ. ಪತ್ರಿಕೆಗಳು ಇದರ ಬಗ್ಗೆ ಬರೆಯುವುದು ಅಪರೂಪ. ಕೃತಕ ಶ್ವಾಸಕೋಶದಷ್ಟು ಬೆರಗು ಇದರಲ್ಲಿಲ್ಲ.

ಆ ಮಗನಿಗೆ ಶ್ವಾಸಕೋಶತಜ್ಞರ ಬಳಿ ಹೋಗಲು ಚೀಟಿ ಬರೆದುಕೊಟ್ಟೆವು. ರಕ್ತಪರೀಕ್ಷೆಯಲ್ಲಿ ಅನಿಲ ಹೆಚ್ಚಿರುವುದು ಕಂಡು ತಜ್ಞರು ಬೈಪ್ಯಾಪ್ ಸೂಚಿಸಿದರು. ಕಳೆದ ಸೋಮವಾರ ಹಿರಿಯರೇ ಬಂದಿದ್ದರು. ಮುಖವಾಡ ಮೂಗಿನ ಮೇಲೆ ಗಾಯ ಮಾಡಿದೆಯೆಂದು ದೂರಿದರು. ಮುಲಾಮು ಕೊಟ್ಟು, ಪಟ್ಟಿಯನ್ನು ತುಸು ಸಡಿಲಿಸಿಕೊಳ್ಳಲು ಹೇಳಿ ಕಳಿಸಿದೆವು. ಬೆಳಗಿನ ತಲೆನೋವಿನ ಬಗ್ಗೆ ನಾವೇ ಕೇಳಬೇಕಾಯಿತು. ಅವರು ಅದನ್ನು ಮರೆತೇಬಿಟ್ಟಿದ್ದರು.