ಕಿಡ್ನಿಗೆ ಕೂಡಿದ ಊರು, ಸೊಂಟಕ್ಕೇಕೆ ಸುಮ್ಮನಿದೆ?

ಉಪ್ಪಳವಿರಲಿ, ಕುಂಬಳೆಯಿರಲಿ, ಯಾರಿಗಾದರೂ ಕಿಡ್ನಿ ಕಸಿ ಆಗಬೇಕೆಂದರೆ ನಮ್ಮ ಜಮಾಅತ್ ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮನವಿ, ಜುಮಾದ ನಂತರ ಸಂಗ್ರಹ, ಗಲ್ಫ್‌ನಿಂದ ಹಣ, ಮಂಗಳೂರಿಗೆ ಹೋಗಲು ಯಾರದೋ ಕಾರು. ಅಲ್‌ಹಮ್ದುಲಿಲ್ಲಾಹ್, ಒಳ್ಳೆಯದೇ. ಆದರೆ ಅದೇ ಮನುಷ್ಯ ಎರಡು ವರ್ಷದ ನಂತರ ಕುಂಟತೊಡಗಿದರೆ? "ವಾತ ಇರಬೇಕು, ಕೊಟ್ಟಂಚುಕ್ಕಾದಿ ತೈಲ ತಿಕ್ಕು" ಎನ್ನುತ್ತೇವೆ. ಸೊಂಟದ ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದರೆ, "ಬದುಕಿ ಉಳಿದದ್ದೇ ದೊಡ್ಡದು, ಇನ್ನೊಂದು ಆಪರೇಷನ್ ಯಾಕೆ? ಸಬ್ರ್ ಮಾಡು" ಎನ್ನುತ್ತೇವೆ.

ನೋವು ಅವನದು, ಸಬ್ರ್‌ನ ಉಪದೇಶ ನಮ್ಮದು. ಇದು ಸಬ್ರ್ ಅಲ್ಲ, ನಮ್ಮ ಉದಾಸೀನ.

ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲು ಕೊಡುವ ಮದ್ದುಗಳಲ್ಲಿ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಇರುತ್ತದೆ. ಕೆಲವರಲ್ಲಿ ಅದರಿಂದ ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ತಪ್ಪಿ, ಅಲ್ಲಿಯ ಮೂಳೆ ಸಾಯುತ್ತದೆ, ದುಂಡಗಿನ ತಲೆ ಕುಸಿಯುತ್ತದೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಗುಂಡು ಚಪ್ಪಟೆಯಾದ ಬೇರಿಂಗಿಗೆ ಎಷ್ಟು ಗ್ರೀಸ್ ಮೆತ್ತಿದರೂ ಪ್ರಯೋಜನವಿಲ್ಲ ಎಂಬುದು ನನಗೆ ಗೊತ್ತು. ತೈಲದ ಕಥೆಯೂ ಅಷ್ಟೇ.

ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಶುರುವಾಗುತ್ತದೆ, ಕೆಲವೊಮ್ಮೆ ಮೊಣಕಾಲಿನಲ್ಲಿ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ತಲೆ ಕುಸಿಯುವ ಮೊದಲೇ ಸಿಕ್ಕಿದರೆ ಮೂಳೆಯನ್ನು ಕೊರೆದು ಒತ್ತಡ ಇಳಿಸುವ ಸಣ್ಣ ಚಿಕಿತ್ಸೆಗೆ ಅವಕಾಶವಿದೆ. ಆ ಅಮೂಲ್ಯ ಸಮಯವನ್ನು ನಾವು ಮೆಡಿಕಲ್ ಶಾಪಿನಲ್ಲಿ ಕಳೆಯುತ್ತೇವೆ. ಚೀಟಿ ಇಲ್ಲದೆ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಸಿಯಾದ ಕಿಡ್ನಿಗೇ ಪೆಟ್ಟು ಕೊಡುತ್ತವೆ. ಉಮ್ಮ ತನ್ನ ಹೊಟ್ಟೆ ಕೊಯ್ಸಿಕೊಂಡು ಕೊಟ್ಟ ಕಿಡ್ನಿಯನ್ನು ನೋವಿನ ಮಾತ್ರೆಗೆ ಬಲಿ ಕೊಡುವುದೇ?

"ಕಿಡ್ನಿ ಬದಲಿಸಿದವರಿಗೆ ಈ ಆಪರೇಷನ್ ಆಗದು" ಎಂಬ ಮಾತೂ ತಪ್ಪು. ಆಗುತ್ತದೆ, ಮಾಡುತ್ತಿದ್ದಾರೆ. ಅಪಾಯ ಇಲ್ಲವೆನ್ನುವುದಿಲ್ಲ: ರೋಗನಿರೋಧಕ ಶಕ್ತಿಯನ್ನು ಮದ್ದಿನಿಂದ ತಗ್ಗಿಸಿರುವುದರಿಂದ ಸೋಂಕಿನ ಭಯ ಹೆಚ್ಚು. ಅದಕ್ಕೇ ಕಿಡ್ನಿ ಡಾಕ್ಟರು, ಮೂಳೆ ಡಾಕ್ಟರು ಕೂಡಿ ತೀರ್ಮಾನಿಸಬೇಕು. ಹಲ್ಲಿನಲ್ಲಿ, ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದು ವಾಸಿಯಾಗಬೇಕು. ಹೆದರಿ ಸ್ಟಿರಾಯ್ಡನ್ನಾಗಲಿ, ಟ್ಯಾಕ್ರೊಲಿಮಸ್ಸನ್ನಾಗಲಿ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಮಸೀದಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರೆ ನಮ್ಮ ಹೊಣೆ ಮುಗಿಯಿತೇ? ನಲವತ್ತರ ಆ ಮನುಷ್ಯನಿಗೆ ಅಂಗಡಿಯ ಶಟರ್ ಎತ್ತಬೇಕಿದೆ, ಮಕ್ಕಳ ಫೀಸು ಕಟ್ಟಬೇಕಿದೆ. ಅವನ ಜೀವ ಉಳಿಸಲು ಹಣ ಕೂಡಿಸಿದ್ದು ನಾವೇ. ಆ ಜೀವ ನಡೆದಾಡಲು ಇನ್ನೊಮ್ಮೆ ಕೂಡಿಸೋಣ.