ಮೂರ್ತಿಯ ಎತ್ತರವೋ, ಕಾಯಕದ ಶುದ್ಧಿಯೋ?

ಹಿಂದಿನವರಿಗೆ ಭಕ್ತಿಯಿತ್ತು, ಕಲೆ ಉಳಿಯಿತು. ಇಂದಿನವರಿಗೆ ಯಂತ್ರವಿದೆ, ಭಕ್ತಿಯಿಲ್ಲ ಎಂದು ಹಲವರು ಸುಲಭವಾಗಿ ತೀರ್ಪು ಕೊಡುತ್ತಾರೆ. ಇದು ಅರ್ಧಸತ್ಯ. ಕಾರ್ಕಳವನ್ನೇ ನೋಡಬಹುದು.

1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಬಾಹುಬಲಿ 42 ಅಡಿಯ ಏಕಶಿಲಾ ಮೂರ್ತಿ. ಅರಸನಿಗೆ ಕೀರ್ತಿಯ ಆಸೆ ಇರಲಿಲ್ಲವೆನ್ನಲಾಗದು; ಶಾಸನದಲ್ಲಿ ಅವನ ಹೆಸರಿದೆ. ಆದರೂ ಸರ್ವವನ್ನೂ ತ್ಯಜಿಸಿದವನನ್ನು ಶಿಲ್ಪಿಗಳು ಆಭರಣವಿಲ್ಲದೆ ಕಡೆದರು. 1586ರ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ಮುಖ. ಯಾವ ಕಡೆಯಿಂದ ಬಂದವರಿಗೂ ಅದು ಮುಂಬಾಗಿಲೇ. ಅಲ್ಲಿ ನಂಬಿಕೆ ಮೊದಲು, ರೂಪ ಅನಂತರ.

ಅದೇ ತಾಲ್ಲೂಕಿನ ಬೈಲೂರಿನ ಬೆಟ್ಟದ ಮೇಲೆ ಪ್ರವಾಸಿಗರಿಗಾಗಿ ಥೀಮ್ ಪಾರ್ಕ್ ರೂಪಿಸಿ, 2023ರ ಜನವರಿಯಲ್ಲಿ 33 ಅಡಿಯ ಪರಶುರಾಮ ಮೂರ್ತಿಯನ್ನು ಅನಾವರಣಗೊಳಿಸಲಾಯಿತು. ಕಂಚಿನದೆಂದು ಸಾರಿದ ಮೂರ್ತಿ ಕಂಚಿನದಲ್ಲವೆಂಬ ದೂರೆದ್ದು, ಅಕ್ಟೋಬರಿನಲ್ಲಿ ಅದರ ಮೇಲ್ಭಾಗವನ್ನು ಕೆಳಗಿಳಿಸಲಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ಹೇಳಲಿ. ಭಕ್ತರು ಕೇಳಬೇಕಾದುದು ಬೇರೆ: ದೇವರ ರೂಪವನ್ನು ಜನರನ್ನು ಸೆಳೆಯುವ ಸರಕಾಗಿಸಿದ್ದು ಸರಿಯೇ?

ಇದಕ್ಕೆ ಕಾಲವನ್ನು ದೂರುವುದು ನ್ಯಾಯವಲ್ಲ. ಅಳಿಯಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ ವಿಜಯನಾಥ ಶೆಣೈ ಅವರೂ ಈ ಕಾಲದವರೇ. ಅಲ್ಲಿ ತೊಲೆ, ಕಂಬ, ಬಾಗಿಲುಗಳಿಗೆ ಸಂದ ಗೌರವವೇ ಕಾಯಕ.

ಶರಣರು ಸ್ಥಾವರದ ಎತ್ತರವನ್ನು ಹಿರಿದೆನ್ನಲಿಲ್ಲ. ಕಾಯಕದ ಶುದ್ಧಿಯನ್ನು ಹಿರಿದೆಂದರು. ಒಳಗೊಂದು ಹೊರಗೊಂದು ಆದ ಬದುಕು ಲಿಂಗಕ್ಕೆ ಸಲ್ಲದಿದ್ದರೆ, ಅಂತಹ ಮೂರ್ತಿಯೂ ಸಲ್ಲದು. ಮುಂದೆ ಯಾವ ಊರಿನಲ್ಲಿ ಮೂರ್ತಿ ನಿಲ್ಲಿಸಹೊರಟರೂ ಎಷ್ಟು ಅಡಿ ಎಂದು ಕೇಳುವ ಮೊದಲು, ಏತಕ್ಕಾಗಿ ಎಂದು ಕೇಳುವುದು ಭಕ್ತರ ಕರ್ತವ್ಯ.