ಭಾವನ ತಲೆಗೊಂದು ಬೆಳಕಿನ ಟೋಪಿ

ಈ ವಾರ ನನ್ನ ತಲೆ ಕೆಡಿಸಿದ್ದು ಒಂದು ವಾಟ್ಸ್‌ಆ್ಯಪ್ ಸಂದೇಶ. ಟೋಪಿಯ ತುಂಬ ವೈರು ಜೋತಾಡುವ ಒಂದು ಚಿತ್ರ, ಕೆಳಗೆ ‘ಇನ್ನು ಸ್ಕ್ಯಾನಿಂಗ್ ಯಾಕೆ? ಪಾರ್ಶ್ವವಾಯು ಬರುತ್ತೋ ಇಲ್ಲವೋ, ಬೆಳಕೇ ಹೇಳುತ್ತೆ’ ಎಂಬ ಒಕ್ಕಣೆ. ಕಳಿಸಿದವರು ನಮ್ಮ ಭಾವ. ಬಿಪಿ ಮಾತ್ರೆಯನ್ನು ನೆನಪಾದ ದಿನ ಮಾತ್ರ ನುಂಗುವ ಮನುಷ್ಯ.

ಪೂರಾ ಸುಳ್ಳಾಗಿದ್ದರೆ ಅಳಿಸಿ ಸುಮ್ಮನಿರುತ್ತಿದ್ದೆ. ಚಿಕ್ಕಂದಿನಲ್ಲಿ ಕರೆಂಟು ಹೋದಾಗ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳುಗಳು ಕೆಂಡದಂತೆ ಹೊಳೆಯುತ್ತಿದ್ದವಲ್ಲ, ಈ ಟೋಪಿಯದೂ ಅದೇ ತತ್ವ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬುರುಡೆಯನ್ನೂ ದಾಟುತ್ತದೆ. ಅದರಿಂದ ಮಿದುಳಿನ ರಕ್ತದ ಆಮ್ಲಜನಕವನ್ನು ಗಮನಿಸಬಹುದೆಂದು ಅಮೆರಿಕದ ಫ್ರಾನ್ಸ್ ಯೋಬ್ಸಿಸ್ 1977ರಲ್ಲೇ ತೋರಿಸಿದ್ದರು. ಇಲಿನಾಯ್ ವಿಶ್ವವಿದ್ಯಾಲಯದ ಮೋನಿಕಾ ಫಾಬಿಯಾನಿ, ಗೇಬ್ರಿಯೆಲೆ ಗ್ರಾಟನ್ ತಂಡ ಇನ್ನೂ ಮುಂದೆ ಹೋಗಿ ಮಿದುಳಿನ ನಾಡಿಯನ್ನೇ ಹಿಡಿಯಿತು. ಎದೆ ಬಡಿದಾಗಲೆಲ್ಲ ಧಮನಿ ಉಬ್ಬಿ ಇಳಿಯುತ್ತದೆ. ಹೇಗೆ ಇಳಿಯಿತು ಎನ್ನುವುದರಲ್ಲೇ ಗುಟ್ಟು: ಅದು ಹೊಸ ರಬ್ಬರ್ ಟ್ಯೂಬೋ, ಬಿಸಿಲಿಗೆ ಒಣಗಿ ಬಿರುಸಾದ ತೋಟದ ಪೈಪೋ? 55ರಿಂದ 87ರ ಪ್ರಾಯದವರನ್ನು ಪರೀಕ್ಷಿಸಿದ ಅವರ 2014ರ ಅಧ್ಯಯನದಲ್ಲಿ ವಯಸ್ಸಾದಂತೆ ನಾಳ ಬಿಗಿಯುವುದು ಕಂಡಿತು. ದೇಹ ಗಟ್ಟಿ ಇಟ್ಟುಕೊಂಡವರ ನಾಳ ಅಷ್ಟು ಬಿಗಿದಿರಲಿಲ್ಲ.

ಆದರೆ ಈ ಬೆಳಕು ಇಳಿಯುವುದು ನೆತ್ತಿಯಿಂದ ಎರಡು ಮೂರು ಸೆಂಟಿಮೀಟರ್ ಅಷ್ಟೆ. ಆಳದಲ್ಲೇನಿದೆ ಎಂದು ನೋಡಲು ಎಂಆರ್‌ಐಯಂಥ ಸ್ಕ್ಯಾನಿಂಗ್ ಬೇಕೇ ಬೇಕು. ಜೊತೆಗೆ ದಟ್ಟ ಕಪ್ಪು ಕೂದಲು ಬೆಳಕನ್ನು ನುಂಗಿಬಿಡುತ್ತದೆ. ಪ್ರಯೋಗಾಲಯದಲ್ಲಿ ಒಂದೊಂದೇ ಎಳೆ ಸರಿಸುತ್ತ ಕೂರಬೇಕು. (ಭಾವನ ತಲೆಯಲ್ಲಿ ಆ ತೊಂದರೆಯಿಲ್ಲ.)

ನನ್ನ ಹಳೆಯ ರಾಗ ಮತ್ತೆ ತೆಗೆಯುತ್ತೇನೆ, ಬೈದುಕೊಳ್ಳಿ. ನಾಳ ಬಿರುಸಾಗಲು ದೊಡ್ಡ ಕಾರಣವೊಂದು ರಕ್ತದೊತ್ತಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಲೆಕ್ಕದಲ್ಲಿ 15 ದಾಟಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21 ಮಂದಿಗೆ ಅದು ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆದಿದೆ. ಇದನ್ನು ಹಿಡಿಯಲು ಟೋಪಿ ಬೇಡ, ತೋಳಿಗೆ ಸುತ್ತುವ ಪಟ್ಟಿ ಸಾಕು. ಒತ್ತಡ ಏರದಿರಲು ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅದರೊಳಗಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಡಕೊಳ್ಳುತ್ತಲೇ ಇದೆ.

ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಭಾವ ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ ಮೂರನೇ ಸಲ ಹಾಕಿಸಿಕೊಳ್ಳುತ್ತ, ಈ ಟೋಪಿ ಬೆಂಗಳೂರಿಗೆ ಯಾವಾಗ ಬರುತ್ತೆ ಎಂದು ಕೇಳಿದರು. ಊಟವಾದ ಮೇಲೆ ಬೀರುವಿನಿಂದ ಬಿಪಿ ಯಂತ್ರ ತೆಗೆದರೆ ಒಳಗೆ ಸೆಲ್ಲೇ ಇಲ್ಲ. ನಾಲ್ಕರಲ್ಲಿ ಎರಡು ಟಿವಿ ರಿಮೋಟಿನಲ್ಲಿದ್ದವು, ಇನ್ನೆರಡು ಗೋಡೆ ಗಡಿಯಾರಗಳಲ್ಲಿ.

ಭಾವ, ಮೊದಲು ಆ ಸೆಲ್ಲುಗಳನ್ನು ವಾಪಸ್ ಹಾಕಿ.